ಕೋಟೆ ಒಡೆದು ಖಡಿ?

ಕೋಟೆ ಅಂದಕೂಡಲೆ ಅವಳಿ ನಗರದ ಮಂದಿಗೆ ಕಣ್ಣ ಮುಂದೆ ಬರೋದು ಧಾರವಾಡದ ಕಿಲ್ಲಾ, ಇಲ್ಲವೆ ನರಗುಂದದ ಗುಡ್ಡ. ಬುರುಜು, ತೋಪು, ಅಗಸಿ ಬಾಗಿಲು, ಒಳಗೊಬ್ಬ ಅರಸ. ಇವೇನೂ ಇಲ್ಲದ ಕಾಲದಲ್ಲೂ ಮನುಷ್ಯ ಗುಡ್ಡ ಏರಿ ಮನೆ ಮಾಡಿದ್ದ ಅಂದರೆ ನಂಬುವವರು ಕಡಿಮೆ. "ಅಲ್ಲೇನೈತ್ರೀ ನೋಡಾಕ, ಬರೀ ಕಲ್ಲು" ಅಂತ ಮುಂದೆ ನಡೆಯುತ್ತಾರೆ. ಆ ಬರೀ ಕಲ್ಲಿನ ಸಂಗತಿಯೇ ಇವತ್ತಿನ ಮಾತು.

ಪರದೇಶದ ಒಂದು ಉದಾಹರಣೆ ಮೊದಲು. ಐರ್ಲೆಂಡ್, ಕಾರ್ನ್‌ವಾಲ್, ವೇಲ್ಸ್ ಕಡೆ ಸಮುದ್ರದೊಳಗೆ ಮೂಗಿನಂತೆ ಚಾಚಿಕೊಂಡ ಗುಡ್ಡಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ, ಅಲ್ಲಿನ ಜನ ಆ ಮೂಗಿನ ಬುಡದಲ್ಲಿ ಅಡ್ಡಕ್ಕೆ ಕಂದಕ ತೋಡಿ ಒಡ್ಡು ಹಾಕಿದರು. ಕೋಟೆ ಮುಗಿಯಿತು! ಮೂರು ಬದಿಯ ಕಡಿದಾದ ಕೊರಕಲು ನಿಸರ್ಗದ ಲೆಕ್ಕಕ್ಕೆ, ಒಂದು ಬದಿಯ ಖರ್ಚು ಮಾತ್ರ ಮನುಷ್ಯನ ಲೆಕ್ಕಕ್ಕೆ. ದುರ್ಗದಬೈಲಿನ ವ್ಯಾಪಾರಸ್ಥರಿಗೆ ಈ ಹಿಸೇಬು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಸಮುದ್ರವಿಲ್ಲ, ಆದರೆ ಬಂಡೆ ಇದೆ. ಗದಗ, ಕೊಪ್ಪಳ ದಾಟಿ ಬಳ್ಳಾರಿ ದಾರಿ ಹಿಡಿದವರು ಬಸ್ಸಿನ ಕಿಡಕಿಯಿಂದ ನೋಡಿಯೇ ಇರುತ್ತಾರೆ, ಯಾರೋ ಪೇರಿಸಿಟ್ಟಂತೆ ಗುಂಡಿನ ಮೇಲೆ ಗುಂಡು ಕೂತ ಗುಡ್ಡಗಳು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು, ಆಚೆ ತೆಕ್ಕಲಕೋಟೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಇವುಗಳ ಮೇಲೆ ಜನ ದನ ಕಟ್ಟಿಕೊಂಡು ಸಂಸಾರ ಮಾಡಿದ್ದರು. ಅವರೇಕೆ ಮೇಲೆ ಹತ್ತಿದರು? ವೈರಿಯ ಅಂಜಿಕೆಯೋ, ಹುಲಿ ಚಿರತೆಯ ಅಂಜಿಕೆಯೋ, ಬಂಡೆಯ ದೊಣೆಯಲ್ಲಿ ನಿಲ್ಲುವ ನೀರೋ, ಪಂಡಿತರಲ್ಲಿ ಒಮ್ಮತವಿಲ್ಲ. ಆದಕಾರಣ ಇವನ್ನು ಕೋಟೆ ಅಂತ ಕರೆಯುವುದು ಅರ್ಧ ಸರಿ, ಅರ್ಧ ಉಪಚಾರದ ಮಾತು. ಕಲ್ಲೇ ಕಾವಲಿತ್ತು ಅನ್ನುವಷ್ಟು ಮಾತ್ರ ನಿಜ.

ಅವರು ಬೆಳೆದು ತಿಂದದ್ದೇನು ಗೊತ್ತೆ? ಹುರಳಿ, ಹೆಸರು, ಕೊರಲೆ. ಅಗೆದ ಮಣ್ಣನ್ನು ನೀರಿನಲ್ಲಿ ತೊಳೆದು, ತೇಲಿ ಬಂದ ಕರಕಲು ಕಾಳುಗಳನ್ನು ಆರಿಸಿ ಕಂಡುಕೊಂಡದ್ದು ಇದು. ಹುರಳಿಯನ್ನು ಹೊಲಕ್ಕೆ ತಂದು ಬಿತ್ತಿದ ಮೊದಲಿಗರಲ್ಲಿ ಈ ದಕ್ಷಿಣದ ಗುಡ್ಡದ ಮಂದಿಯೂ ಸೇರುತ್ತಾರೆ. ಇಂದಿಗೂ ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ಚೀಲ ಬಿಚ್ಚಿಟ್ಟು ಮಾರುವ ಕಾಳು ಅದೇ.

ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕಾರಖಾನೆಯೇ ಇತ್ತು. ಗುಡ್ಡದೊಳಗೆ ಪಟ್ಟಿಯಂತೆ ಹಾಯ್ದ ಕರಿಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಒಂದು ಊರಿನ ಸ್ವಂತ ಖರ್ಚಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಚಕ್ಕೆ ಅಲ್ಲಿ ಬಿದ್ದಿದೆ. ಅಂದರೆ ಮಾಲು ಹೊರಗೂ ಹೋಗುತ್ತಿತ್ತು. ರೊಕ್ಕವಿಲ್ಲದ ಕಾಲದ ವ್ಯಾಪಾರ!

ಕುಪ್ಪಗಲ್ಲಿನಲ್ಲಿ ಇನ್ನೊಂದು ಸೋಜಿಗ. ಅಲ್ಲಿನ ಕರಿಕಲ್ಲಿನ ಮೇಲೆ ಉದ್ದ ಕೋಡಿನ ಎತ್ತು, ಆಕಳು, ಕುಣಿಯುವ ಮನುಷ್ಯರನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಗೆ ಗುಂಡುಗಲ್ಲಿನಿಂದ ಬಡಿದರೆ ಗಂಟೆಯಂತೆ ಸದ್ದು ಬರುತ್ತದೆ. ಬಡಿದು ಬಡಿದೇ ಕುಳಿ ಬಿದ್ದದ್ದು. ಇದನ್ನು ವಿದ್ವತ್ ಲೋಕಕ್ಕೆ ಮತ್ತೆ ತೋರಿಸಿಕೊಟ್ಟ ತಂಡದಲ್ಲಿ ಕೇಂಬ್ರಿಜ್‌ನ ನಿಕೋಲ್ ಬೋಯ್ವಿನ್ ಇದ್ದರು, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಡಾ. ರವಿ ಕೋರಿಶೆಟ್ಟರ್ ಇದ್ದರು. 2004ರಲ್ಲಿ ಬೋಯ್ವಿನ್ ಬರೆದ ಲೇಖನ ಪ್ರಕಟವಾದಾಗ ಪರದೇಶದ ಪತ್ರಿಕೆಗಳೂ ಈ ಸುದ್ದಿ ಹಾಕಿದವು. ಕಲ್ಲು ಕ್ವಾರಿ ಆ ಗುಡ್ಡವನ್ನು ತಿನ್ನುತ್ತಿದೆ, ಚಿತ್ರಗಳು ಹಾಳಾಗುತ್ತಿವೆ ಅನ್ನುವ ಕೂಗೂ ಆಗಲೇ ಎದ್ದಿತ್ತು.

ಒಂದು ದೇವಸ್ಥಾನ ಬಿದ್ದರೆ ಮತ್ತೆ ಕಟ್ಟಬಹುದು, ಹಳೆಯದಲ್ಲದಿದ್ದರೂ ಕೈಮುಗಿಯಲು ಒಂದಿರುತ್ತದೆ. ಸಿಡಿಮದ್ದಿಟ್ಟು ಹಾರಿಸಿದ ಗುಡ್ಡದ ಚಿತ್ರವನ್ನು ಯಾವ ಇಲಾಖೆ ತಂದು ಅಂಟಿಸೀತು? ಅದು ಖಡಿಯಾಗಿ ಯಾವುದೋ ರಸ್ತೆಯ ಡಾಂಬರಿನ ಕೆಳಗೆ ಮಲಗಿರುತ್ತದೆ.

ಇದರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೇನು ಸಂಬಂಧ ಅಂತ ಕೇಳುವವರುಂಟು. ಸಂಬಂಧ ಇದೆ, ಅದೂ ಹಳೆಯದು. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರುವಾದದ್ದು 1939ರಲ್ಲಿ. ತೆಕ್ಕಲಕೋಟೆಯ ಗುಡ್ಡದ ಜನರ ಬಗ್ಗೆ 1965ರಲ್ಲಿ ಪುಸ್ತಕ ತಂದವರಲ್ಲಿ ಒಬ್ಬರಾದ ಡಾ. ಎಂ. ಎಸ್. ನಾಗರಾಜರಾವ್ ಆ ಮೇಲೆ ಧಾರವಾಡದ ವಿಶ್ವವಿದ್ಯಾಲಯದಲ್ಲಿದ್ದರು. ಮುಂದೆ ಕೇಂದ್ರ ಪುರಾತತ್ವ ಇಲಾಖೆಯ ಮಹಾನಿರ್ದೇಶಕರೂ ಆದರು. ತುಂಗಭದ್ರೆಯ ದಂಡೆಯ ಹಳ್ಳೂರನ್ನು ಅಗೆಸಿದವರೂ ಅವರೇ. ಹಳ್ಳೂರು ಇಂದು ಹಾವೇರಿ ಜಿಲ್ಲೆಯಲ್ಲಿದೆ, 1997ರ ತನಕ ಧಾರವಾಡ ಜಿಲ್ಲೆಯದೇ. ಅಲ್ಲಿ ಸಿಕ್ಕ ಕಬ್ಬಿಣಕ್ಕೆ ಸುಮಾರು ಮೂರು ಸಾವಿರ ವರ್ಷದ ವಯಸ್ಸು ಕಟ್ಟಿದರು. ಅಲ್ಲಿ ಸಿಕ್ಕ ಎಲುಬು ಕುದುರೆಯದು ಅಂತ ಡಾ. ಕೆ. ಆರ್. ಆಲೂರರು ಗುರುತಿಸಿದ್ದೇ ತಡ, ದೊಡ್ಡ ವಾದವೇ ಎದ್ದಿತು. ಅದಿನ್ನೂ ಪೂರ್ತಿ ತಣ್ಣಗಾಗಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಲುಮನೆಗಳ ಮೇಲೆ ದುಡಿದ ಡಾ. ಅ. ಸುಂದರ ಅವರೂ ಧಾರವಾಡದ ವಿಶ್ವವಿದ್ಯಾಲಯದವರೇ. ಊರವರು ಮೊರೇರ ಗುಡ್ಡ ಅನ್ನುವ ಆ ಜಾಗ 2021ರಲ್ಲಿ ಯುನೆಸ್ಕೋದ ತಾತ್ಪೂರ್ತಿಕ ಪಟ್ಟಿಗೆ ಸೇರಿತು. ಒಳ್ಳೆಯದಾಯಿತು. ಆದರೆ ಪಟ್ಟಿಗೆ ಸೇರದ ಗುಡ್ಡಗಳ ಗತಿ?

ಕಾನೂನು ಇಲ್ಲವೆನ್ನುವಂತಿಲ್ಲ. 1958ರ ಕೇಂದ್ರದ ಕಾಯಿದೆ ಇದೆ, 1961ರ ರಾಜ್ಯದ ಕಾಯಿದೆ ಇದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧ, ಅದರಾಚೆ ಮತ್ತೆ ಇನ್ನೂರು ಮೀಟರ್ ನಿರ್ಬಂಧ. ಹಿಕಮತ್ತು ಇರುವುದು 'ಸಂರಕ್ಷಿತ' ಅನ್ನುವ ಶಬ್ದದಲ್ಲಿ. ಘೋಷಣೆಯಾದ ಜಾಗಕ್ಕೆ ಬೇಲಿ, ನೀಲಿ ಬೋರ್ಡು. ಘೋಷಣೆಯಾಗದ ಜಾಗ ಕಾಗದದ ಮೇಲೆ ಬರೀ ಸರ್ವೆ ನಂಬರು. ಅದರಲ್ಲೂ ಚಿತ್ರವಿರುವ ಒಂದು ಬಂಡೆಯನ್ನಷ್ಟೇ ಉಳಿಸಿ, ಕೊಡಲಿ ಕಟೆದ ಜಾಗ, ದನ ಕಟ್ಟಿದ ಜಾಗ, ಹೆಣ ಹೂತ ಜಾಗ ಬಿಟ್ಟುಕೊಟ್ಟರೆ ಉಳಿದ ಬಂಡೆ ಒಂಟಿ ಹಲ್ಲಿನಂತೆ ನಿಲ್ಲುತ್ತದೆ. ಯಾರು ಕೂತು ಬಡಿದರು, ಯಾರು ಕೇಳಿದರು ಅನ್ನುವುದಕ್ಕೆ ಸಾಕ್ಷಿ ಇರುವುದು ಸುತ್ತಲಿನ ಮಣ್ಣಿನಲ್ಲಿ.

ಕ್ವಾರಿ ಬೇಡವೇ ಬೇಡ ಅನ್ನುವುದು ಸುಳ್ಳು ಶುದ್ಧಾಚಾರ. ಮನೆ ಕಟ್ಟಬೇಕು, ಚಿಗರಿ ಓಡುವ ರಸ್ತೆಗೂ ಖಡಿ ಬೇಕು, ಕಲ್ಲು ಒಡೆದು ಹೊಟ್ಟೆ ಹೊರೆಯುವ ಕೂಲಿಕಾರನ ಒಲೆಯೂ ಉರಿಯಬೇಕು. ಆದರೆ ಯಾವ ಗುಡ್ಡದ ಖಡಿ ಅಂತ ಕೊಳ್ಳುವವನೂ ಕೇಳೋದಿಲ್ಲ, ಕೊಡುವವನೂ ಹೇಳೋದಿಲ್ಲ. ಕಲ್ಲಿಗೆ ಬರಗಾಲವಿಲ್ಲದ ಸೀಮೆಯಲ್ಲಿ ಚಿತ್ರವಿರುವ ಕಲ್ಲೇ ಬೇಕೆ?

ಆಗಬೇಕಾದ ಕೆಲಸ ದೊಡ್ಡದಲ್ಲ. ಗಣಿ ಇಲಾಖೆಯವರು ಲೀಜು ಕೊಡುವ ಮುಂಚೆ ಪುರಾತತ್ವ ಇಲಾಖೆಯ ನಕಾಶೆಯನ್ನು ತಮ್ಮ ನಕಾಶೆಯ ಮೇಲೆ ಹಾಸಿ ನೋಡಲಿ. ಆ ನಕಾಶೆಗೆ ಬೇಕಾದ ಮಾಹಿತಿ ಧಾರವಾಡದ ಪ್ರಾಧ್ಯಾಪಕರು ಐವತ್ತು ಅರವತ್ತು ವರ್ಷ ಕಾಲು ಸವೆಸಿ ಬರೆದಿಟ್ಟ ಪುಸ್ತಕಗಳಲ್ಲಿದೆ. ಅವರು ಹತ್ತಿ ಇಳಿದ ಗುಡ್ಡಗಳ ಹೆಸರುಗಳನ್ನು ವಿಶ್ವವಿದ್ಯಾಲಯವೇ ಒಂದು ಯಾದಿ ಮಾಡಿ, ಸರ್ವೆ ನಂಬರು ಸಹಿತ, ಆಯಾ ಜಿಲ್ಲಾಧಿಕಾರಿಗಳ ಕಚೇರಿಗೆ ಮುಟ್ಟಿಸಲಿ. ಮೊದಲ ಸಾಲಿನಲ್ಲಿ ಕುಪ್ಪಗಲ್ಲು ಬರಲಿ.