ಅಧಿಕಾರ ಅಳಿಯಿತು, ವಿದ್ಯೆ ಉಳಿಯಿತು

ಮಕ್ಕಳು ಓದಿ ದೊಡ್ಡ ಅಧಿಕಾರಿಗಳಾಗಬೇಕೆಂಬುದು ತಂದೆತಾಯಿಗಳೆಲ್ಲರ ಆಸೆ. ಆಸೆ ತಪ್ಪಲ್ಲ. ಆದರೆ ವಿದ್ಯೆಯ ಗುರಿ ಅಧಿಕಾರವೊಂದೇ ಎಂದು ನಾವು ತಿಳಿಯಬಾರದು. ಬೈಜಾಂಟಿಯಮ್ ಸಾಮ್ರಾಜ್ಯದ ಮಂತ್ರಿ ಥಿಯೊಡೋರ್ ಮೆಟೊಕೈಟಿಸನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಈತ 1270ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ, ಎಂದರೆ ಇಂದಿನ ಇಸ್ತಾನ್‌ಬುಲ್‌ನಲ್ಲಿ ಜನಿಸಿದನು. ಧರ್ಮಸಂಬಂಧವಾದ ವಿವಾದದಲ್ಲಿ ತಂದೆ ರಾಜಕೋಪಕ್ಕೆ ಗುರಿಯಾಗಿ ಸೆರೆವಾಸ ಅನುಭವಿಸಿದನು. ಅಂಥವನ ಮಗನನ್ನು ಮೇಲೆತ್ತಿದ್ದು ಓದು. ಇಪ್ಪತ್ತರ ಹರೆಯದ ಈ ತರುಣನ ಪಾಂಡಿತ್ಯಕ್ಕೆ ಮೆಚ್ಚಿ ಚಕ್ರವರ್ತಿ ಎರಡನೆಯ ಆಂಡ್ರೊನಿಕಸನು ಆತನನ್ನು ಆಸ್ಥಾನಕ್ಕೆ ಸೇರಿಸಿಕೊಂಡನು. ಮುಂದೆ ಆತನು ರಾಯಭಾರಿಯಾದನು. ರಾಜವಂಶದೊಡನೆ ಬೀಗತನ ಬೆಳೆಸಿದನು. 1321ರಲ್ಲಿ ಮಹಾ ಲೊಗೊಥೀಟ್ ಎಂಬ ಪ್ರಧಾನಮಂತ್ರಿಯ ಪದವಿಗೇರಿದನು.

ಹಗಲೆಲ್ಲ ರಾಜಕಾರ್ಯ, ಬಿಡುವಾದೊಡನೆ ಗ್ರಂಥಾಭ್ಯಾಸ, ಇದು ಆತನ ದಿನಚರಿ. ನಲವತ್ತು ದಾಟಿದ ಮೇಲೆ ಗುರುವಿನ ಮುಂದೆ ಕುಳಿತು ಖಗೋಲಶಾಸ್ತ್ರ ಕಲಿತನು! ಪಾಳುಬಿದ್ದಿದ್ದ ಕೋರಾ ಮಠವನ್ನು ಸ್ವಂತ ಹಣದಿಂದ ಜೀರ್ಣೋದ್ಧಾರ ಮಾಡಿಸಿ, ಅಲ್ಲಿ ಗ್ರಂಥಭಂಡಾರವನ್ನು ಇರಿಸಿದನು.

ಆದರೆ ಹುದ್ದೆಗಳನ್ನು ಹಣಕ್ಕೆ ಮಾರುತ್ತಾನೆಂಬ ದೂರೂ ಆತನ ಮೇಲಿತ್ತು. ತೆರಿಗೆಯ ಭಾರದಿಂದ ಜನ ರೋಸಿದ್ದರು. ಅಜ್ಜ ಚಕ್ರವರ್ತಿಗೂ ಮೊಮ್ಮಗನಿಗೂ ನಡೆದ ಅಂತರ್ಯುದ್ಧದಲ್ಲಿ, 1328ರ ಮೇ ತಿಂಗಳ ಒಂದು ರಾತ್ರಿ ಮೊಮ್ಮಗನ ಸೈನ್ಯ ನಗರವನ್ನು ಹೊಕ್ಕಿತು. ಮಂತ್ರಿಯ ಭವ್ಯ ಮನೆ ಸೂರೆಹೋಯಿತು, ಆತನು ಗಡೀಪಾರಾದನು. ಎರಡು ವರ್ಷಗಳ ಅನಂತರ ಹಿಂದಿರುಗಿದವನಿಗೆ ಆಶ್ರಯ ಸಿಕ್ಕಿದ್ದು ತಾನೇ ದುರಸ್ತಿ ಮಾಡಿಸಿದ ಮಠದಲ್ಲಿ. ಅಲ್ಲಿಯೇ ಸಂನ್ಯಾಸಿಯಾಗಿ 1332ರಲ್ಲಿ ತೀರಿಕೊಂಡನು.

ಅಧಿಕಾರ ಇಲ್ಲದಿದ್ದರೆ ಆ ಮಠವನ್ನು ಕಟ್ಟಿಸಲು ಆಗುತ್ತಿತ್ತೇ ಎಂದು ಕೆಲವರು ಕೇಳಬಹುದು. ಮಾತು ನಿಜ. ಅಧಿಕಾರ ಒಂದು ಸಾಧನ. ಅದರಿಂದ ಏನು ಮಾಡಿದೆವೆಂಬುದೇ ಮುಖ್ಯ. ತನಗಾಗಿ ಕಟ್ಟಿದ ಮನೆ ಒಂದು ರಾತ್ರಿಯಲ್ಲಿ ಹಾಳಾಯಿತು. ಕೋರಾ ಕಟ್ಟಡ ಈಗ ಮಸೀದಿಯಾಗಿದ್ದರೂ, ಬಣ್ಣದ ಹರಳುಗಳನ್ನು ಜೋಡಿಸಿ ಮಾಡಿದ ಅಲ್ಲಿನ ಚಿತ್ರಗಳು ಏಳುನೂರು ವರ್ಷಗಳ ಬಳಿಕವೂ ಇವೆ. ಆತನ ಶಿಷ್ಯ ಗ್ರೆಗೊರಾಸನು ಪಂಚಾಂಗ ತಿದ್ದಬೇಕೆಂದು ವಾದಿಸಿದನು. ಅಂಥ ಸುಧಾರಣೆ ಯುರೋಪಿನಲ್ಲಿ 1582ರಲ್ಲಿ ಜಾರಿಗೆ ಬಂತು.

ವಿದ್ಯೆ ಆತನನ್ನು ಏರಿಸಿತು; ಆದರೆ ಲೋಭದಿಂದ ಕಾಪಾಡಲಿಲ್ಲ. ಆ ಕೆಲಸ ಶೀಲದ್ದು. ಆದುದರಿಂದ ವಿದ್ಯಾರ್ಥಿಗಳೇ, ಓದಿ ಮೇಲೇರಿರಿ. ಕುರ್ಚಿ ಹೋದ ಮೇಲೂ ಜನ ನೆನೆಯುವಂಥದನ್ನು ಮಾಡಿರಿ. ತಂದೆತಾಯಿಗಳೇ, ಮಗ ಯಾವ ಹುದ್ದೆ ಹಿಡಿದನೆಂದು ಕೇಳುವಾಗ, ಆ ಹುದ್ದೆಯಲ್ಲಿ ಹೇಗೆ ನಡೆದುಕೊಂಡನೆಂಬುದನ್ನೂ ಕೇಳೋಣ.