ಮಳೆ ರಜೆಯ ದಿನ ಮನೆ ಏನು ಕಲಿಸಬೇಕು?

ಜುಲೈ ಬಂತೆಂದರೆ ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ರಾತ್ರಿ ಎಲ್ಲರೂ ಒಂದೇ ಸುದ್ದಿಗೆ ಕಾಯುತ್ತಾರೆ: ನಾಳೆ ಶಾಲೆಗೆ ರಜೆಯೋ, ಅಲ್ಲವೋ? ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್‌ಆ್ಯಪ್‌ಗೆ ಬಂದೊಡನೆ ಮಕ್ಕಳು ಕುಣಿಯುತ್ತಾರೆ. ಆದರೆ ಎಷ್ಟೋ ಕಡೆ ಅದರ ಬೆನ್ನಿಗೇ ಶಾಲೆಯಿಂದ ಇನ್ನೊಂದು ಸಂದೇಶ ಬರುತ್ತದೆ. ಇಂಗ್ಲಿಷ್ ಪಾಠದ ಎರಡು ಪುಟ ಕಾಪಿ ಬರೆಯಬೇಕು, ಹನ್ನೆರಡರಿಂದ ಹದಿನೈದರವರೆಗೆ ಮಗ್ಗಿ ಬರೆಯಬೇಕು, ಸಂಜೆಯೊಳಗೆ ಫೋಟೊ ತೆಗೆದು ಕಳಿಸಬೇಕು. ಆ ದಿನ ಮಗು ಏನೂ ಕಲಿಯದೆ ಕೂರಲಿ ಎಂದು ನಾನು ಹೇಳುವುದಿಲ್ಲ. ಕಲಿಯಲೇಬೇಕು. ಆದರೆ ಮನೆಯನ್ನು ಶಾಲೆಯ ನಕಲು ಮಾಡಿದರೆ ಮಗು ಕಲಿಯುವುದು ಕಡಿಮೆ. ಮನೆ ಮನೆಯಾಗಿಯೇ ಉಳಿದರೆ ಕಲಿಯುವುದು ಹೆಚ್ಚು.

ಇದು ಸಣ್ಣ ವಿಷಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ಕನಿಷ್ಠ 200 ದಿನ, 800 ಗಂಟೆಗಳ ಪಾಠವನ್ನು ಗೊತ್ತು ಮಾಡಿದೆ. ಅಲ್ಲಿಗೆ ವರ್ಷದಲ್ಲಿ ನೂರಕ್ಕೂ ಮಿಕ್ಕಿ ದಿನ ಮಗು ಮನೆಯಲ್ಲೇ ಇರುತ್ತದೆ. ಮಳೆಗೆ ಹೋದ ಪಾಠವನ್ನು ಶಾಲೆಗಳು ಶನಿವಾರದ ಮಧ್ಯಾಹ್ನವೋ ಭಾನುವಾರವೋ ತರಗತಿ ನಡೆಸಿ ತುಂಬಿಕೊಳ್ಳುತ್ತವೆ. ಹೀಗಿರುವಾಗ ರಜೆಯ ದಿನವೂ ಕಾಪಿ ಬರೆಸುವ ಆತುರ ಯಾಕೆ? 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಹೋಮ್‌ವರ್ಕೇ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಸಾಕು ಎನ್ನುತ್ತದೆ. ನಮ್ಮ ಸರ್ಕಾರಿ ಶಾಲೆಗಳಿಗಂತೂ ಚಟುವಟಿಕೆಯ ಕಲಿಕೆ ಹೊಸದೇನಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಇಡೀ ರಾಜ್ಯಕ್ಕೆ ಹಬ್ಬಿತು. ತರಗತಿಯೊಳಗೆ ಒಪ್ಪಿಕೊಂಡದ್ದನ್ನು ರಜೆಯ ದಿನ ಮರೆಯುತ್ತೇವೆ.

ಮೊಬೈಲಿನಲ್ಲಿ ಹಾಳೆ ಕಳಿಸುವ ಅಭ್ಯಾಸ ಬೇರೂರಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕಿರಿಯ ಪ್ರಾಥಮಿಕ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಅಂದು ಅದು ಅನಿವಾರ್ಯ, ಶಿಕ್ಷಕರು ಕೈಲಾದದ್ದನ್ನೆಲ್ಲ ಮಾಡಿದರು. ಆದರೆ ಮನೆಯಲ್ಲಿ ಕಲಿಯಬೇಕಾದರೆ ಫೋನು ಬೇಕು, ಇಂಗ್ಲಿಷ್ ಬಲ್ಲ ಅಪ್ಪ-ಅಮ್ಮ ಬೇಕು ಎಂಬ ಭಾವನೆ ಆಗ ಗಟ್ಟಿಯಾಯಿತು. ಇದರಿಂದ ಹೆಚ್ಚು ನೊಂದವಳು ಅಕ್ಷರ ಬಾರದ ತಾಯಿ. ತೋಟದ ಕೆಲಸ ಮುಗಿಸಿ ಒದ್ದೆಯಾಗಿ ಬಂದವಳಿಗೆ ಮಗಳ ಹಾಳೆ ಅರ್ಥವಾಗುವುದಿಲ್ಲ. ತನಗೆ ಕಲಿಸಲು ಬರುವುದಿಲ್ಲ ಎಂದು ಆಕೆಯೇ ನಂಬಿಬಿಡುತ್ತಾಳೆ. ಈ ನಂಬಿಕೆ ಸುಳ್ಳು, ಮಗುವಿಗೂ ಇದರಿಂದ ನಷ್ಟ.

ಹಾಗಾದರೆ ಆ ದಿನ ಮಾಡುವುದೇನು? ರಜೆ ಕೊಡಿಸಿದ ಮಳೆಯಿಂದಲೇ ಆರಂಭಿಸಬಹುದು. ಬಾಯಿ, ತಳ ಒಂದೇ ಅಗಲವಿರುವ ಎತ್ತರದ ಸ್ಟೀಲ್ ಡಬ್ಬವೊಂದನ್ನು ಅಂಗಳದ ನಡುವೆ, ಸೂರಿನ ನೀರು, ಮರದ ಹನಿ ಬೀಳದ ಕಡೆ, ಕಲ್ಲುಗಳ ನಡುವೆ ಅಲುಗದಂತೆ ಇಡಬೇಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ದಿನದ ಮಳೆ ಅಳೆಯುತ್ತದೆ. ಮಗುವೂ ಅದೇ ಹೊತ್ತಿಗೆ ಅಳೆಯಲಿ. ಡಬ್ಬದೊಳಗೆ ಸ್ಕೇಲು ಇಳಿಸಿದಾಗ ಒಂದು ತೊಡಕು ಎದುರಾಗುತ್ತದೆ. ಸ್ಕೇಲಿನ ಸೊನ್ನೆ ಅದರ ತುದಿಯಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಹಾಗಾಗಿ ನೀರು ಮುಟ್ಟಿದ ಗೆರೆಯನ್ನು ಹಾಗೇ ಓದಿದರೆ ಲೆಕ್ಕ ತಪ್ಪುತ್ತದೆ. ತುದಿಯ ಆ ಖಾಲಿ ಜಾಗವನ್ನೂ ಸೇರಿಸಬೇಕು. ಅಳತೆ ಎಂದರೇನು ಎಂಬುದು ಮೂರನೇ ತರಗತಿಯ ಮಗುವಿಗೆ ಇಲ್ಲಿ ತಿಳಿದಷ್ಟು ಚೆನ್ನಾಗಿ ಪುಸ್ತಕದ ಚಿತ್ರದಿಂದ ತಿಳಿಯುವುದಿಲ್ಲ. ಪಕ್ಕದಲ್ಲಿ ಅಗಲವಾದ ಇನ್ನೊಂದು ಡಬ್ಬ ಇಡಿ. ಅದರಲ್ಲಿ ನೀರು ಹೆಚ್ಚು, ಆದರೆ ಎತ್ತರ ಅಷ್ಟೇ! ಇದು ಯಾಕೆ ಹೀಗೆ ಎಂದು ಮಗು ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ, ಅದು ತಲೆ ಕೆಡಿಸಿಕೊಳ್ಳಲಿ. ಐದನೇ ತರಗತಿಯವರು ಇನ್ನೂ ಮುಂದೆ ಹೋಗಬಹುದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 80 ಮಿಲಿಮೀಟರ್ ಮಳೆಯ ದಿನ ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರು 8,000 ಲೀಟರ್, ಸಾವಿರ ಲೀಟರಿನ ಎಂಟು ಟ್ಯಾಂಕ್. ಅಷ್ಟೂ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಆಮೇಲೆ ಮಗುವೇ ಎತ್ತುತ್ತದೆ.

ಅಜ್ಜ-ಅಜ್ಜಿಯರ ಪಾತ್ರವೂ ಇಲ್ಲಿದೆ. ಮೃಗಶಿರಾ, ಆರ್ದ್ರಾ, ಪುನರ್ವಸು, ಪುಷ್ಯ ಎಂದು ಮಳೆಯ ಹೆಸರು ಹೇಳಿ, ಯಾವ ಮಳೆಗೆ ನಾಟಿ, ಯಾವ ವರ್ಷ ಹೊಳೆ ಗದ್ದೆಗೆ ನುಗ್ಗಿತ್ತು ಎಂದು ವಿವರಿಸಬಲ್ಲವರು ಅವರು. ದಕ್ಷಿಣ ಕನ್ನಡದ ಹಲವು ಅಡಿಕೆ ಕೃಷಿಕರು ತಮ್ಮ ಅಂಗಳದ ಮಳೆಯನ್ನು ಅಳೆದು ವರ್ಷಗಟ್ಟಲೆ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ತುಳು, ಕೊಡವ, ಬ್ಯಾರಿ, ಕೊಂಕಣಿ, ಹವ್ಯಕ, ಮನೆಯ ಮಾತು ಯಾವುದಾದರೂ ಆಗಲಿ, ಅಜ್ಜಿ ಹೇಳಿದ್ದನ್ನು ಮಗು ಕೇಳಿ ನಾಲ್ಕು ಸಾಲು ಕನ್ನಡದಲ್ಲಿ ಬರೆದರೆ ಅದು ಎರಡು ಪುಟದ ಕಾಪಿಗಿಂತ ಮೇಲು. ಕಾಪಿ ಬರೆಯುವಾಗ ಕೈ ಮಾತ್ರ ಓಡುತ್ತದೆ; ಕೇಳಿದ್ದನ್ನು ಬರೆಯುವಾಗ ಮಗು ಪ್ರತಿ ಮಾತನ್ನೂ ಹುಡುಕಬೇಕು. ಮಧ್ಯಾಹ್ನ ಚೌಕಾಬಾರ ಹಾಸಿದರೆ ಸಣ್ಣವರಿಗೆ ಕೂಡುವ ಲೆಕ್ಕ ತಾನಾಗಿ ಬರುತ್ತದೆ. ಸೋತಾಗ ಸಿಟ್ಟು ತಡೆದುಕೊಳ್ಳುವುದನ್ನೂ ಅದೇ ಮಣೆ ಕಲಿಸುತ್ತದೆ.

ಇಷ್ಟಕ್ಕೇ ಎಲ್ಲವೂ ಆಯಿತೆಂದು ಹೇಳಲಾರೆ. ಓದು ಇಂಥ ಚಟುವಟಿಕೆಗಳಿಂದ ತಾನಾಗಿ ಬರುವುದಿಲ್ಲ; ದಿನವೂ ಓದಿದರೇ ಬರುವುದು. ಆದ್ದರಿಂದ ರಜೆಯ ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದುವುದು ತಪ್ಪಬಾರದು, ಪಠ್ಯವಲ್ಲ, ಕತೆ ಪುಸ್ತಕ. ಮನೆಯಲ್ಲಿ ಪುಸ್ತಕವಿಲ್ಲದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಳೆಗಾಲಕ್ಕೆ ಮುಂಚೆಯೇ ನಾಲ್ಕು ಪುಸ್ತಕ ತಂದಿಟ್ಟುಕೊಳ್ಳಬಹುದು.

ಇನ್ನೊಂದು ಅಪಾಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಗೆಲಸದಲ್ಲಿ ಕಲಿಕೆಯಿದೆ ಎಂದ ಕೂಡಲೇ ಪಾತ್ರೆ, ಕಸಬರಿಕೆ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ ಎಲ್ಲವೂ ಹುಡುಗಿಯ ಪಾಲಿಗೆ ಬರುತ್ತವೆ. ಹುಡುಗನಿಗೆ ಡಬ್ಬ, ಸ್ಕೇಲು, ಆಟ. ಇದು ಕಲಿಕೆಯಲ್ಲ, ಅನ್ಯಾಯ. ದೋಸೆಗೆ ಅಕ್ಕಿ ಅಳೆಯಲು ಹುಡುಗ ಕೂರಲಿ, ಮಳೆ ಅಳೆಯಲು ಹುಡುಗಿ ಅಂಗಳಕ್ಕೆ ಇಳಿಯಲಿ. ಅಂಗಳ ಎಂದೆ, ಹೊಳೆ ಬದಿ ಅಲ್ಲ. ರಜೆ ಕೊಟ್ಟಿರುವುದು ಅಪಾಯವಿದೆ ಎಂದೇ. ಗುಡುಗು-ಸಿಡಿಲು ಇದ್ದರೆ ಡಬ್ಬವೂ ಕಾಯಲಿ. ಕಾಫಿ ತೋಟದ ಲೈನ್‌ಮನೆಗಳಲ್ಲಿ ಅಪ್ಪ-ಅಮ್ಮ ಇಬ್ಬರೂ ಮಳೆಯಲ್ಲೇ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿನ ಮಕ್ಕಳ ದಿನವನ್ನು ತಂದೆ-ತಾಯಿಯ ಮೇಲೆ ಹೊರಿಸುವುದು ತಪ್ಪು. ಅಂಥ ಕಡೆ ಅಂಗನವಾಡಿಯೋ ಪಂಚಾಯಿತಿಯೋ ಮಕ್ಕಳಿಗೆ ಬೆಚ್ಚಗಿನ ಜಾಗ ಮತ್ತು ಜೊತೆಗೊಬ್ಬ ದೊಡ್ಡವರನ್ನು ಒದಗಿಸಬೇಕು.

ಕೊನೆಗೆ ಶಿಕ್ಷಕರಲ್ಲಿ ನನ್ನ ವಿನಂತಿ. ಮನೆಯಲ್ಲಿ ಮಾಡಿದ್ದಕ್ಕೆ ಬೆಲೆ ಇದೆ ಎಂದು ಮಗು ನಂಬುವುದು ನೀವು ಅದನ್ನು ಕೇಳಿದಾಗ ಮಾತ್ರ. ಮುಂದಿನ ಮಳೆ ರಜೆಯ ರಾತ್ರಿ ಹಾಳೆ ಕಳಿಸಬೇಡಿ, ಒಂದು ಪ್ರಶ್ನೆ ಕಳಿಸಿ: ನಿಮ್ಮ ಅಂಗಳದಲ್ಲಿ ಎಷ್ಟು ಮಳೆ ಬಿತ್ತು? ಶಾಲೆ ತೆರೆದ ದಿನ ಎಲ್ಲ ಮಕ್ಕಳ ಅಂಕಿಗಳನ್ನೂ ಕರಿಹಲಗೆಯ ಮೇಲೆ ಬರೆಸಿ, ಒಬ್ಬೊಬ್ಬರದು ಒಂದೊಂದು ಥರ ಏಕಿದೆ ಎಂದು ಅವರನ್ನೇ ಕೇಳಿ. ಫೋಟೊ ಕೇಳಬೇಡಿ.