ದೂರವಾಣಿ ಮತ್ತು ಹತ್ತಿರದ ಮನುಷ್ಯ

ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಪೇಟೆಗಳ ಮೂಲೆಮೂಲೆಯಲ್ಲಿಯೂ ಹಳದಿ ಫಲಕ ಹೊತ್ತ ಎಸ್.ಟಿ.ಡಿ. ಬೂತುಗಳಿದ್ದುದು ಓದುಗರ ನೆನಪಿನಲ್ಲಿರಬಹುದು. ನಂಬರು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು ಜನರು ಸರತಿಯಲ್ಲಿ ನಿಲ್ಲುತ್ತಿದ್ದರು. ಒಳಗೆ ಹೋದವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಗಾಜಿನ ಬಾಗಿಲನ್ನು ಎಳೆದುಕೊಳ್ಳುವುದು. ಮುಂಬಯಿಯಲ್ಲಿದ್ದ ಮಗನೊಡನೆ, ಕೊಲ್ಲಿ ರಾಷ್ಟ್ರದಲ್ಲಿದ್ದ ಗಂಡನೊಡನೆ ಆಡುವ ಮಾತು ಹೊರಗೆ ನಿಂತವರಿಗೆ ಸೇರಿದ್ದಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಳಗಿದ್ದವರ ಕಣ್ಣಲ್ಲಿ ನೀರು ಕಂಡರೆ ಹೊರಗಿದ್ದವರು ಮುಖವನ್ನು ಬೇರೆಡೆ ತಿರುಗಿಸಿಕೊಳ್ಳುತ್ತಿದ್ದರು. ಆ ಬಾಗಿಲು ಮಾತನಾಡುವವರ ಮಾನವನ್ನೂ ಕಾಯುತ್ತಿತ್ತು, ಕಾದು ನಿಂತವರ ನೆಮ್ಮದಿಯನ್ನೂ ಕಾಯುತ್ತಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡಿದಾಗ ಭಾರತದಲ್ಲಿ ಮೊಬೈಲ್ ಫೋನಿನ ಯುಗ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಪದ್ಧತಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಶ್ರೀಮಂತರ ಕೈಯಲ್ಲಿದ್ದ ಉಪಕರಣ ಮೀನು ಮಾರುವ ತಾಯಿಯ ಬುಟ್ಟಿಯವರೆಗೂ ಬಂದು ತಲಪಿತು. ಇದು ಸಂತೋಷದ ಸಂಗತಿಯೇ ಹೊರತು ದುಃಖದ್ದಲ್ಲ. ಆದರೆ ಬೂತು ಹೋದಾಗ ಅದರೊಡನೆ ಬಾಗಿಲೂ ಹೊರಟುಹೋಯಿತು. ಅದರ ಜಾಗದಲ್ಲಿ ನಾವು ಏನನ್ನು ಇಟ್ಟುಕೊಂಡಿದ್ದೇವೆ ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಇತ್ತೀಚೆಗೆ ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ನಾವು ಪ್ರಯಾಣಿಸುತ್ತಿದ್ದೆವು. ಹಿಂದಿನ ಆಸನದ ಯುವಕನೊಬ್ಬ ತನ್ನ ತಂಗಿಯ ಮದುವೆಯ ಮಾತುಕತೆ ಮುರಿದುಬಿದ್ದ ಕಥೆಯನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ. ಹುಡುಗಿಯ ಹೆಸರು, ಆಕೆಯ ಕಾಯಿಲೆ, ಮನೆಯ ಸಾಲ ಎಲ್ಲವೂ ಬಸ್ಸಿನಲ್ಲಿದ್ದವರಿಗೆಲ್ಲ ತಿಳಿದವು. ಇನ್ನೊಂದೆಡೆ ಯಾರದೋ ಫೋನಿನಿಂದ ಹಾಸ್ಯದ ವಿಡಿಯೋಗಳ ನಗು ಅಲೆಅಲೆಯಾಗಿ ಬರುತ್ತಿತ್ತು. ನಮ್ಮ ಎದುರಿನ ಆಸನದಲ್ಲಿ ಆಸ್ಪತ್ರೆಯಿಂದ ಮರಳುತ್ತಿದ್ದ ಮಹಿಳೆಯೊಬ್ಬರು ಎಕ್ಸರೇಯ ದೊಡ್ಡ ಲಕೋಟೆಯನ್ನು ಮಡಿಲಲ್ಲಿಟ್ಟು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಆ ಇಬ್ಬರೂ ಕೆಟ್ಟವರಲ್ಲ. ಪಕ್ಕದಲ್ಲಿ ಇಂಥವರೊಬ್ಬರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ, ಅಷ್ಟೇ. ತೊಂದರೆ ಇರುವುದೇ ಆ ‘ಗೊತ್ತಿಲ್ಲದಿರುವುದರಲ್ಲಿ’.

ಇಬ್ಬರು ಎದುರುಬದುರು ಕುಳಿತು ಮಾತನಾಡಿದರೆ ನಮಗೆ ಅಷ್ಟು ಕಿರಿಕಿರಿಯಾಗದು. ಫೋನಿನ ಮಾತು ಮಾತ್ರ ಯಾಕೆ ಚುಚ್ಚುತ್ತದೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ನೀಡುತ್ತದೆ. ಸಂಭಾಷಣೆಯ ಅರ್ಧಭಾಗ ಮಾತ್ರ ಕಿವಿಗೆ ಬಿದ್ದಾಗ ಮುಂದಿನ ಮಾತು ಯಾವುದೆಂದು ಮನಸ್ಸು ಊಹಿಸಲಾರದು. ಆದ್ದರಿಂದ ಅದು ತನಗರಿವಿಲ್ಲದೆಯೇ ಅತ್ತ ಎಳೆಯಲ್ಪಡುತ್ತದೆ. ಅಂದರೆ ‘ಬೇಡವಾದರೆ ಕೇಳಬೇಡಿ’ ಎಂಬ ವಾದಕ್ಕೆ ಅರ್ಥವಿಲ್ಲ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಬಸ್ಸಿನಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳಿಸುವುದನ್ನು ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮವು ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ 2021ರಲ್ಲಿ ನಿಷೇಧಿಸಿತು. ರಾತ್ರಿ ಹತ್ತರ ಬಳಿಕ ರೈಲಿನಲ್ಲಿ ಜೋರಾಗಿ ಫೋನಿನಲ್ಲಿ ಮಾತನಾಡಬಾರದೆಂದು ರೈಲ್ವೆ ಇಲಾಖೆ 2022ರಲ್ಲಿ ಸೂಚನೆ ಹೊರಡಿಸಿತು. ಇವು ಸ್ವಾಗತಾರ್ಹ. ಆದರೆ ಕಾನೂನು ಮುಟ್ಟಬಲ್ಲದ್ದು ಸದ್ದನ್ನು ಮಾತ್ರ. ಸದ್ದಿಲ್ಲದೆಯೂ ಅಗೌರವ ತೋರಲು ಸಾಧ್ಯವಿದೆ.

ಟಿಕೆಟ್ ಕೇಳಲು ಬಂದ ಕಂಡಕ್ಟರನ ಮುಖವನ್ನೂ ನೋಡದೆ, ಫೋನನ್ನು ಕಿವಿಗೊತ್ತಿಕೊಂಡೇ ಎರಡು ಬೆರಳೆತ್ತಿ ತೋರಿಸುವವರನ್ನು ನಾವು ಕಂಡಿದ್ದೇವೆ. ಅಂಗಡಿಯಾತ ಚಿಲ್ಲರೆ ಹಿಂದಿರುಗಿಸಿದರೆ ಒಂದು ನಗೆಯೂ ಇಲ್ಲದೆ ಹೊರಟುಹೋಗುವವರಿದ್ದಾರೆ. ಯೆಹೂದಿ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ 1923ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಕೃತಿಯಲ್ಲಿ ಮನುಷ್ಯನ ಎರಡು ಬಗೆಯ ಸಂಬಂಧಗಳನ್ನು ಗುರುತಿಸಿದರು: ಒಂದು ‘ನಾನು–ನೀನು’, ಇನ್ನೊಂದು ‘ನಾನು–ಅದು’. ಎದುರಿಗಿರುವವನನ್ನು ‘ನೀನು’ ಎಂದು ಕಂಡಾಗ ಅವನೊಬ್ಬ ಮನುಷ್ಯ. ‘ಅದು’ ಎಂದು ಕಂಡಾಗ ಅವನೊಂದು ವಸ್ತು. ಬೆರಳೆತ್ತಿ ತೋರಿಸಿದ ಕ್ಷಣದಲ್ಲಿ ಕಂಡಕ್ಟರನು ನಮ್ಮ ಪಾಲಿಗೆ ಟಿಕೆಟ್ ಹರಿಯುವ ಯಂತ್ರವಾಗುತ್ತಾನೆ. ಸಭ್ಯತೆಯೆಂದರೆ ಕೇವಲ ಮೇಲ್ನೋಟದ ಶಿಷ್ಟಾಚಾರವಲ್ಲ. ಎದುರಿಗಿರುವವನನ್ನು ಮನುಷ್ಯನೆಂದು ಒಪ್ಪಿಕೊಳ್ಳುವ ಮೊದಲ ಹೆಜ್ಜೆ.

ಇಷ್ಟೆಲ್ಲ ಬರೆಯುವ ನಾವು ನಿರ್ದೋಷಿಗಳೇ? ಅಲ್ಲ. ಕೆಲವು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ ಸಾಂತ್ವನ ಹೇಳಲು ಹೋಗಿದ್ದೆವು. ಬಹಳ ಹೊತ್ತು ಮೌನವಾಗಿದ್ದ ಆಕೆ ಕೊನೆಗೆ, “ಫಾದರ್, ಅವರು ಹೋಗುವ ಹಿಂದಿನ ರಾತ್ರಿ...” ಎಂದು ಮಾತು ಆರಂಭಿಸಿದರು. ಅಷ್ಟರಲ್ಲಿ ನಮ್ಮ ಜೇಬಿನಲ್ಲಿದ್ದ ಫೋನು ಬಾರಿಸಿತು. ಯಾವುದೋ ಸಭೆಯ ಸಮಯ ಕೇಳಲು ಬಂದ ಕರೆ. ಐದು ನಿಮಿಷ ತಡವಾಗಿ ಉತ್ತರಿಸಿದ್ದರೂ ಯಾವ ನಷ್ಟವೂ ಆಗುತ್ತಿರಲಿಲ್ಲ. ನಾವು ಎತ್ತಿದೆವು. ಮರಳಿ ಆಕೆಯತ್ತ ತಿರುಗಿದಾಗ ಆಕೆ ಕಾಫಿ ತರಲು ಒಳಗೆ ಹೋಗಿದ್ದರು. ಬಂದ ಮೇಲೆ ಕೇಳಿದೆವು. “ಏನಿಲ್ಲ ಫಾದರ್, ಬಿಡಿ” ಎಂದರು. ಆ ರಾತ್ರಿ ಏನಾಯಿತೆಂಬುದು ನಮಗೆ ಇಂದಿಗೂ ತಿಳಿಯದು. ದೂರದವರ ಸಣ್ಣ ಪ್ರಶ್ನೆಗಾಗಿ ಹತ್ತಿರದವರ ದೊಡ್ಡ ದುಃಖವನ್ನು ನಾವು ಕೇಳಿಸಿಕೊಳ್ಳದೆ ಹೋದೆವು. ಅಂದಿನಿಂದ ಯಾರ ಮನೆಯ ಹೊಸ್ತಿಲು ದಾಟುವ ಮೊದಲೂ ಫೋನಿನ ಸದ್ದನ್ನು ನಿಲ್ಲಿಸುವ ಅಭ್ಯಾಸ ಮಾಡಿಕೊಂಡಿದ್ದೇವೆ.

ಫೋನನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿರುವ ತಂದೆಯ ಮುಖವನ್ನು ಕುವೈತಿನಲ್ಲಿರುವ ಮಗ ಆ ಪುಟ್ಟ ಪರದೆಯಲ್ಲಿ ಕಾಣುವಾಗ ಯಂತ್ರವೂ ಪ್ರೀತಿಯ ವಾಹಕವಾಗುತ್ತದೆ. ಅಂಥ ಕರೆಗಾಗಿ ಪಕ್ಕದ ಹಾಸಿಗೆಯವರು ಸ್ವಲ್ಪ ಸದ್ದು ಸಹಿಸಿಕೊಂಡರೆ ಅದೂ ಸಭ್ಯತೆಯೇ. ತುರ್ತು ಕರೆ ಬಂದರೆ ಎತ್ತಲೇಬೇಕು. ಆದರೆ ಎದುರಿಗಿರುವವರಲ್ಲಿ “ಕ್ಷಮಿಸಿ, ಇದೊಂದು ಕರೆ ಅಗತ್ಯ” ಎಂದು ಹೇಳಲು ಎಷ್ಟು ಹೊತ್ತು ಬೇಕು? ಎದ್ದು ಹೊರಗೆ ಹೋಗಿ ಮಾತನಾಡಲು ಎಷ್ಟು ಹೆಜ್ಜೆ ಬೇಕು? ಬಸ್ಸಿನಲ್ಲಿ ಎದ್ದು ಹೋಗಲಾಗದಿದ್ದರೆ “ಇಳಿದ ಮೇಲೆ ಮಾತನಾಡುತ್ತೇನೆ” ಎಂದರೆ ಸಾಕು. ವಿಡಿಯೋ ನೋಡುವವರಿಗೆ ಇಯರ್‌ಫೋನ್ ಇದೆ. ಪರರ ಚಿತ್ರ ತೆಗೆಯುವ ಮೊದಲು ಒಂದು ಮಾತು ಕೇಳಬಹುದು. ಊಟದ ಮೇಜಿನಲ್ಲಿ ಹಿರಿಯರೇ ಫೋನು ಹಿಡಿದು ಕುಳಿತರೆ ಮಕ್ಕಳಿಗೆ ಬುದ್ಧಿ ಹೇಳುವ ಹಕ್ಕು ನಮಗಿರದು.

ಹಳೆಯ ಬೂತಿನ ಗಾಜಿನ ಬಾಗಿಲು ಇನ್ನು ಮರಳಿ ಬಾರದು. ಅದನ್ನು ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು. ಮಾತನಾಡುವ ಮೊದಲು ಅದನ್ನು ಎಳೆದುಕೊಳ್ಳಬೇಕು. ಆದರೆ ಬೂತಿನ ಬಾಗಿಲಿನಂತೆ ಅದೂ ಗಾಜಿನದ್ದಾಗಿರಲಿ. ಹೊರಗೆ ನಿಂತವರ ಮುಖ ನಮಗೆ ಕಾಣುತ್ತಿರಲಿ.